ಮಗನ ಊರಿನಲ್ಲಿ ಐದು ತಿಂಗಳು

ಹಸುರನ್ನು ನೋಡುವುದಕ್ಕಾಗಿ ಮಲೆನಾಡಿನವರು ಸಮುದ್ರವನ್ನು ದಾಟಿ ಹೋಗಬೇಕೆಂದರೆ ಕೇಳಿದವರು ನಕ್ಕಾರು. ನಮ್ಮದು ಸಾಗರದ ಸೀಮೆ. ಮನೆಯ ಬೇಲಿಯಾಚೆಗೆ ಅಡಕೆಯ ತೋಟ, ತೋಟದ ಮೇಲುಗಡೆ ಸೊಪ್ಪಿನ ಬೆಟ್ಟ, ವರ್ಷದಲ್ಲಿ ನಾಲ್ಕು ತಿಂಗಳು ಹಿಡಿದ ಮಳೆ. ಊರಿಗೆ ಹೆಸರು ಬಂದುದೇ ಕೆಳದಿಯ ಸದಾಶಿವನಾಯಕನು ಕಟ್ಟಿಸಿದ ಕೆರೆಯಿಂದ. ಹೀಗಿರಲು, 2022ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ ನಾವು ಸಪತ್ನೀಕರಾಗಿ ಅಮೆರಿಕಕ್ಕೆ ಹೊರಟಾಗ ನಮ್ಮ ಮಗನು ದೂರವಾಣಿಯಲ್ಲಿ, “ಅಪ್ಪಯ್ಯ, ಇಲ್ಲಿ ನಿಮಗೆ ಬೇಸರವೇ ಆಗುವುದಿಲ್ಲ. ಬೆಟ್ಟವಿದೆ, ಕೆರೆಯಿದೆ, ಎಲ್ಲಿ ನೋಡಿದರೂ ಹಸುರು” ಎಂದು ಮತ್ತೆ ಮತ್ತೆ ಹೇಳುತ್ತಿದ್ದುದನ್ನು ಕೇಳಿ, ಇವನು ನಮ್ಮೂರಿನ ಹಸುರನ್ನು ನಮಗೇ ಮಾರುತ್ತಿರುವನಲ್ಲ ಎಂದು ಮನೆಯವರೊಡನೆ ಹಾಸ್ಯವಾಡಿದ್ದುಂಟು. ನಾವು ಹೊರಟದ್ದು ಏಳು ವರ್ಷದ ಮೊಮ್ಮಗಳನ್ನು ನೋಡುವುದಕ್ಕೆ. ಮಗನ ಮನಸ್ಸಿನಲ್ಲಿ ಬೇರೊಂದು ಯೋಚನೆಯೂ ಇದ್ದಿತು. ಅದನ್ನು ಮುಂದೆ ಹೇಳುವೆವು.

ಊರಿನ ಹೆಸರು ಇಸ್ಸಕ್ವಾ. ವಾಷಿಂಗ್ಟನ್ ಎಂಬ ಪಶ್ಚಿಮ ತೀರದ ಸಂಸ್ಥಾನದಲ್ಲಿ, ಸಿಯಾಟಲ್ ಮಹಾನಗರದಿಂದ ಪೂರ್ವಕ್ಕೆ ಸುಮಾರು 17 ಮೈಲಿ. 2020ರ ಜನಗಣತಿಯಂತೆ ಜನಸಂಖ್ಯೆ 40,000ಕ್ಕೆ ತುಸು ಮೇಲು. ಒಂದು ಮಗ್ಗುಲಲ್ಲಿ ಸುಮಾರು ಏಳು ಮೈಲಿ ಉದ್ದದ ಸಮಾಮಿಶ್ ಸರೋವರ. ಉಳಿದ ಕಡೆ ಕೂಗರ್, ಸ್ಕ್ವಾಕ್, ಟೈಗರ್ ಎಂಬ ಮೂರು ಬೆಟ್ಟಗಳು. ಟೈಗರ್ ಎಂಬ ಹೆಸರಿದ್ದರೂ ಅಲ್ಲಿ ಹುಲಿಯಿಲ್ಲ. ಎತ್ತರ ಸುಮಾರು 3,000 ಅಡಿ, ಅಂದರೆ ನಮ್ಮ ಕೊಡಚಾದ್ರಿಗಿಂತಲೂ ಕಡಮೆ. ಈ ಮೂರಕ್ಕೂ ‘ಇಸ್ಸಕ್ವಾ ಆಲ್ಪ್ಸ್’ ಎಂದು ಹಾರ್ವಿ ಮ್ಯಾನಿಂಗ್ ಎಂಬ ಲೇಖಕರು 1970ರ ದಶಕದಲ್ಲಿ ಅರ್ಧ ವಿನೋದಕ್ಕಾಗಿ ಹೆಸರಿಟ್ಟರು. ವಿನೋದದ ಹೆಸರು ಪ್ರಯೋಜನಕ್ಕೆ ಬಂದಿತು. ಹೆಸರುಳ್ಳ ಬೆಟ್ಟವನ್ನು ಕಡಿಯುವುದಕ್ಕೆ ಜನ ಸ್ವಲ್ಪ ಹಿಂಜರಿಯುವರಷ್ಟೆ. ಆಕಾಶ ತಿಳಿಯಾಗಿದ್ದ ದಿನ, ದಕ್ಷಿಣಕ್ಕೆ ಬಹುದೂರದಲ್ಲಿ, 14,410 ಅಡಿಯ ರೇನಿಯರ್ ಪರ್ವತವು ಹಿಮವನ್ನು ಹೊದ್ದು ಮುಗಿಲಿನಂತೆ ಕಾಣುತ್ತಿದ್ದಿತು. ಮೊದಲ ಸಲ ನೋಡಿದಾಗ ನಮ್ಮ ಮನೆಯವರು ತಾವಾಗಿಯೇ ಕೈಮುಗಿದರು.

ಇಸ್ಸಕ್ವಾ ಎಂಬ ಮಾತಿಗೆ ಅಲ್ಲಿಯ ಮೂಲನಿವಾಸಿಗಳ ಭಾಷೆಯಲ್ಲಿ ‘ಹಕ್ಕಿಗಳ ಧ್ವನಿ’ ಎಂಬ ಅರ್ಥವನ್ನು ಹೇಳುವುದುಂಟು. ಸ್ಕ್ವಾಕ್ ಎಂಬುದೂ ಅದೇ ಹೆಸರಿನ ಮತ್ತೊಂದು ರೂಪ. ಕಾಕ ಎಂಬ ಹೆಸರು ಕಾಗೆಯ ಕೂಗಿನ ಅನುಕರಣವೆಂದೂ, ಪಕ್ಷಿಗಳ ಹೆಸರುಗಳಲ್ಲಿ ಇದು ಬಹಳವಾಗಿ ಕಾಣುವುದೆಂದೂ ಯಾಸ್ಕನು ನಿರುಕ್ತದಲ್ಲಿ ಹೇಳಿರುವುದನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ, ಆ ದೂರದೇಶದಲ್ಲಿ ಒಂದು ಊರೇ ಹಾಗೆ ಹೆಸರು ಪಡೆದಿರುವುದನ್ನು ಕೇಳಿ ಉಂಟಾದ ಸಂತೋಷವನ್ನು ಮಗನಿಗೆ ತಿಳಿಯಹೇಳುವುದು ಕಷ್ಟವಾಯಿತು. ಅವನು ಓದಿದ್ದು ಗಣಕಶಾಸ್ತ್ರ.

ಹಸುರಿನ ವಿಷಯವಾಗಿ ಎರಡು ಮಾತು. ಡಗ್ಲಸ್ ಫರ್, ಸೀಡರ್ ಮೊದಲಾದ ಮರಗಳು ಮನೆಯ ಮಾಡಿಗಿಂತ ಐದಾರು ಪಟ್ಟು ಎತ್ತರಕ್ಕೆ ನೆಟ್ಟಗೆ ನಿಂತಿವೆ. ಬುಡದಲ್ಲಿ ಮೊಣಕಾಲುದ್ದದ ಜರೀಗಿಡ, ಕೊಂಬೆಗಳ ಮೇಲೆ ಹಾವಸೆ. ಇದು ಅನಾದಿಯಾದ ಅರಣ್ಯವೆಂದೇ ಹೊಸಬರು ತಿಳಿದಾರು. ಆದರೆ ಕಾಲುದಾರಿಯ ಪಕ್ಕದಲ್ಲಿ ಅಲ್ಲಲ್ಲಿ, ನಾಲ್ಕು ಜನ ಕೈಹಿಡಿದು ನಿಂತರೂ ಸುತ್ತಲಾಗದಂತಹ ಹಳೆಯ ಮೋಟುಗಳಿವೆ. ಒಂದೊಂದರ ಮೈಯಲ್ಲಿಯೂ ಆಳೆತ್ತರದಲ್ಲಿ ಬಾಯಿ ತೆರೆದಂತೆ ಎರಡು ಕಚ್ಚು. ಮರ ಕಡಿಯುವವರು ಆ ಕಚ್ಚುಗಳಿಗೆ ಹಲಗೆಯನ್ನು ಸಿಕ್ಕಿಸಿ, ಅದರ ಮೇಲೆ ನಿಂತು ಗರಗಸವನ್ನು ಎಳೆಯುತ್ತಿದ್ದರಂತೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಕಲ್ಲಿದ್ದಲಿನ ಗಣಿಗಳು ತೆರೆದವು, ರೈಲು ಬಂದಿತು, 1892ರಲ್ಲಿ ಗಿಲ್ಮನ್ ಎಂಬ ಹೆಸರಿನಿಂದ ಊರು ಸ್ಥಾಪಿತವಾಗಿ 1899ರಲ್ಲಿ ಇಸ್ಸಕ್ವಾ ಎಂದಾಯಿತು. ಗಣಿಗೂ ರೈಲಿಗೂ ಮನೆಗೂ ಮರ ಬೇಕು, ಬೆಟ್ಟಗಳು ಬೋಳಾದವು. ಈಗ ಕಾಣುವುದು ಬಹುಮಟ್ಟಿಗೆ ಆಮೇಲೆ ಬೆಳೆದ ಕಾಡು. ಹಳೆಯ ಮೋಟಿನ ತಲೆಯ ಮೇಲೆಯೇ ಹೊಸ ಮರ ಹುಟ್ಟಿ, ಬೇರುಗಳನ್ನು ಕಾಲಿನಂತೆ ಇಳಿಬಿಟ್ಟು ನಿಂತಿರುವುದನ್ನು ಎಷ್ಟೋ ಕಡೆ ನೋಡಿದೆವು.

ಬೆಳೆದ ಕಾಡು ಉಳಿದದ್ದು ತಾನಾಗಿ ಅಲ್ಲ. ಊರುಗಳು ಹಬ್ಬುವುದಕ್ಕೆ ಗೆರೆ ಎಳೆಯಬೇಕೆಂದು ಆ ಸಂಸ್ಥಾನವು 1990ರಲ್ಲಿ ಕಾನೂನು ಮಾಡಿತು; ಗೆರೆಯ ಈಚೆಗೆ ಮನೆ, ಆಚೆಗೆ ಕಾಡು ಅಥವಾ ಹೊಲ. 1991ರಲ್ಲಿ ಬೆಟ್ಟದಿಂದ ಕಡಲಿನವರೆಗೂ ಹಸುರಿನ ದಾರಿಯನ್ನು ಉಳಿಸುವುದಕ್ಕೆಂದು ಒಂದು ಸಂಸ್ಥೆಯೇ ಹುಟ್ಟಿತು. ನಮ್ಮ ವೃತ್ತಿಯವರಿಗೆ ರುಚಿಸುವ ಸಂಗತಿ ಇನ್ನೊಂದಿದೆ. 1889ರಲ್ಲಿ ಸಂಸ್ಥಾನವಾದಾಗ ಅದಕ್ಕೆ ಶಾಲೆಗಳ ಹೆಸರಿನಲ್ಲಿ ಭೂಮಿಯನ್ನು ಬಿಟ್ಟುಕೊಟ್ಟರು. ಅಂತಹ ಭೂಮಿಯ ಮರವನ್ನು ಲೆಕ್ಕವಿಟ್ಟು ಕಡಿದು, ಮತ್ತೆ ನೆಟ್ಟು, ಬಂದ ಹಣದಿಂದ ಶಾಲೆಯ ಕಟ್ಟಡಗಳನ್ನು ಕಟ್ಟುವರು. ನಮ್ಮ ಶಾಲೆಯ ಸೋರುವ ಮಾಡಿಗೆ ಹಂಚು ಬೇಕೆಂದು ನಾವು ಬರೆದ ಅರ್ಜಿಗಳು ನೆನಪಿಗೆ ಬಂದವು.

ಅದು ಸಂಸಾರವಂದಿಗರಿಗೆ ಒಳ್ಳೆಯ ಊರೆಂದು ಎಲ್ಲರೂ ಹೇಳುವರು. ಮಕ್ಕಳ ಮಟ್ಟಿಗೆ ಅದು ನಿಜ. ಬೆಳಗ್ಗೆ ಹಳದಿಯ ಶಾಲಾ ಬಸ್ಸು ತಿರುವಿನಲ್ಲಿ ನಿಂತು, ಅದರ ಪಕ್ಕದಿಂದ ಒಂದು ಕೆಂಪು ಫಲಕವು ಕೈಯಂತೆ ಹೊರಚಾಚಿತೆಂದರೆ ಸಾಕು, ಹಿಂದಿನ ಮೋಟಾರುಗಳೂ ಎದುರಿನ ಮೋಟಾರುಗಳೂ ನಿಶ್ಶಬ್ದವಾಗಿ ನಿಂತುಬಿಡುವುವು. ಬೆನ್ನಿಗಿಂತ ದೊಡ್ಡ ಚೀಲವನ್ನು ಹೊತ್ತ ಒಂದು ಕೂಸು ರಸ್ತೆಯನ್ನು ದಾಟುವವರೆಗೆ ಇಷ್ಟು ಜನ ಕಾಯುವರು. ನಾವು ಈ ದೃಶ್ಯವನ್ನು ನೋಡುವುದಕ್ಕೆಂದೇ ಪ್ರತಿದಿನವೂ ಮೊಮ್ಮಗಳೊಡನೆ ತಿರುವಿನವರೆಗೆ ಹೋಗುತ್ತಿದ್ದೆವು. ಆ ವರ್ಷದ ಸೆಪ್ಟೆಂಬರ್ 1ನೆಯ ತಾರೀಖಿನಿಂದ ಹದಿನೆಂಟು ವರ್ಷ ಮೀರದವರಿಗೆ ಸಾರ್ವಜನಿಕ ಬಸ್ಸಿನಲ್ಲಿ ಟಿಕೆಟ್ಟಿಲ್ಲವೆಂದಾಯಿತು. “ಅಜ್ಜ, ನಾನು ನಿನ್ನನ್ನು ಕರೆದುಕೊಂಡು ಹೋಗುತ್ತೇನೆ, ನನಗೆ ದುಡ್ಡೇ ಬೇಡ” ಎಂದು ಮಗು ಹೆಮ್ಮೆಯಿಂದ ನಮ್ಮನ್ನು ಸರೋವರಕ್ಕೂ ಪುಸ್ತಕಾಲಯಕ್ಕೂ ನಡೆಸಿತು.

ಆದರೆ ಮುದುಕರ ವಿಷಯ? ಮನೆಗಳಿರುವ ಗುಡ್ಡದ ಮೇಲೆ ಅಂಗಡಿಯಿಲ್ಲ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೆ ಮಗನೋ ಸೊಸೆಯೋ ಮೋಟಾರನ್ನು ತೆಗೆಯಬೇಕು. ಅವರಿಬ್ಬರೂ ಕೆಲಸಕ್ಕೆ ಹೋಗಿ, ಮಗು ಶಾಲೆಗೆ ಹೋದ ಮೇಲೆ, ಮನೆಯ ಸುತ್ತಣ ನಿಶ್ಶಬ್ದದಲ್ಲಿ ಗಡಿಯಾರದ ಸದ್ದೂ ದೊಡ್ಡದಾಗುವುದು. ಬೀದಿಯಲ್ಲಿ ಸಿಕ್ಕಿದವರು ನಗುಮುಖದಿಂದ ಕುಶಲವನ್ನು ಕೇಳುವರು, ಉತ್ತರಕ್ಕೆ ಕಾಯುವುದಿಲ್ಲ. ಅಲ್ಲಿ ಸಂಸಾರವೆಂದರೆ ಎರಡು ತಲೆಮಾರು, ತಂದೆತಾಯಿ, ಮಕ್ಕಳು. ಮೂರನೆಯ ತಲೆಮಾರಿನ ಸ್ಥಳವನ್ನು ಆಯಾ ಮನೆಯವರೇ ಕಂಡುಕೊಳ್ಳತಕ್ಕದ್ದು.

ಹಾಗೆ ಕಂಡುಕೊಂಡವರು ಕೆಲವರಿದ್ದರು. ಸಂಜೆ ನಾಲ್ಕು ಗಂಟೆಗೆ ಉದ್ಯಾನದ ಬಳಸುದಾರಿಯಲ್ಲಿ ಗುಂಟೂರಿನ ಒಬ್ಬರು, ಲೂಧಿಯಾನದ ಒಬ್ಬರು, ಕೊಯಮತ್ತೂರಿನ ದಂಪತಿಗಳು, ಎಲ್ಲರೂ ಮಕ್ಕಳ ಮನೆಗೆ ಬಂದವರೇ, ಉಣ್ಣೆಯ ಟೋಪಿ ಹಾಕಿಕೊಂಡು ಸುತ್ತುತ್ತಿದ್ದರು. ಚೀನಾದೇಶದ ಒಬ್ಬ ವೃದ್ಧರೂ ಬರುತ್ತಿದ್ದರು. ಅವರಿಗೆ ಇಂಗ್ಲಿಷ್ ಬಾರದು. ನಮಗೆ ಚೀನೀ ಬಾರದು. ಬೆರಳೆಣಿಸಿ ಮೊಮ್ಮಕ್ಕಳ ವಯಸ್ಸನ್ನು ಹೇಳಿಕೊಂಡೆವು; ಅವರಿಗೆ ಇಬ್ಬರು, ಐದು ಮತ್ತು ಒಂಬತ್ತು. ಅಷ್ಟರಿಂದಲೇ ಸ್ನೇಹವಾಯಿತು.

ಆ ದಿನಗಳಲ್ಲಿಯೇ ನಾವು ಪುಸ್ತಕಾಲಯದಲ್ಲಿ ಊರಿನ ಚರಿತ್ರೆಯನ್ನು ಓದುತ್ತಿದ್ದೆವು. ಕಲ್ಲಿದ್ದಲಿಗಿಂತ ಮುಂಚೆ ಆ ಕಣಿವೆಯಲ್ಲಿ ಹಾಪ್ಸ್ ಎಂಬ ಬಳ್ಳಿಯ ಬೇಸಾಯವಿದ್ದಿತು. ಅದರ ಹೂವು ಬೀರ್ ಎಂಬ ಪಾನೀಯಕ್ಕೆ ಕಹಿಯನ್ನು ಕೊಡುವುದು. 1885ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಹಾಪ್ಸ್ ಬಿಡಿಸುವುದಕ್ಕೆ ಕಡಮೆ ಕೂಲಿಗೆ ಚೀನೀ ಆಳುಗಳನ್ನು ಕರೆಸಿದರೆಂದು ಕೆರಳಿದ ಕೆಲವರು, ರಾತ್ರಿ ಅವರು ಮಲಗಿದ್ದ ಗುಡಾರಗಳ ಮೇಲೆ ಗುಂಡು ಹಾರಿಸಿದರು. ಮೂವರು ಸತ್ತರು. ವಿಚಾರಣೆಗೆ ನಿಂತ ಆಪಾದಿತರು ನಿರ್ದೋಷಿಗಳೆಂದು ಬಿಡುಗಡೆಯಾದರು. ಇದನ್ನು ಓದಿದ ಸಂಜೆ ಉದ್ಯಾನಕ್ಕೆ ಹೋದಾಗ ಆ ವೃದ್ಧರು ಎಂದಿನಂತೆ ದೂರದಿಂದಲೇ ಕೈಯೆತ್ತಿದರು. ಅವರಿಗೆ ಈ ಸಂಗತಿ ತಿಳಿದಿದ್ದಿತೋ ಇಲ್ಲವೋ. ಬೆರಳೆಣಿಸಿ ಹೇಳುವಂತಹ ಮಾತು ಅದಲ್ಲ. ಅಂದು ಅವರ ಜೊತೆಯಲ್ಲಿ ಎರಡು ಸುತ್ತು ಹೆಚ್ಚಾಗಿ ನಡೆದೆವು. ಚರಿತ್ರೆಯನ್ನು ಮುಚ್ಚಿಡದೆ ಮಕ್ಕಳ ಕೈಗೂ ಸಿಕ್ಕುವಂತೆ ಬರೆದಿಟ್ಟಿರುವುದಕ್ಕೆ ಆ ಊರನ್ನು ಮೆಚ್ಚಲೇಬೇಕು.

ನಮ್ಮ ತಾಯಿಯವರ ಮಾತನ್ನು ಇಲ್ಲಿ ಹೇಳಬೇಕು. ಅವರಿಗೆ ಆಗ ಎಂಬತ್ತನಾಲ್ಕು ವರ್ಷ. ಸಾಗರದಲ್ಲಿ ನಮ್ಮ ತಮ್ಮನ ಆರೈಕೆಯಲ್ಲಿದ್ದರು. ಅಲ್ಲಿ ರಾತ್ರಿಯಾದರೆ ಇಲ್ಲಿ ಬೆಳಗು. ನಾವು ರಾತ್ರಿ ಊಟ ಮುಗಿಸಿ ದೂರವಾಣಿ ಮಾಡಿದಾಗಲೆಲ್ಲ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: “ಅಲ್ಲಿ ಮಳೆ ಬಂತನೋ?” ಮಳೆಗೆ ಹೆಸರಾದ ಸೀಮೆಯೆಂದು ನಾವು ಹೇಳಿ ಹೋಗಿದ್ದೆವು. ಆದರೆ ಆ ವರ್ಷ ಬೇಸಗೆ ಕಳೆದರೂ ಮಳೆಯಿಲ್ಲ. ಸೆಪ್ಟೆಂಬರ್ 10ರಂದು ಪರ್ವತಗಳ ಕಡೆ ಬೋಲ್ಟ್ ಕ್ರೀಕ್ ಎಂಬಲ್ಲಿ ಹತ್ತಿದ ಕಾಡ್ಗಿಚ್ಚು ಆರಲೇ ಇಲ್ಲ. ಬೇರೆ ಕಡೆಯ ಬೆಂಕಿಗಳೂ ಸೇರಿಕೊಂಡವು. ಅಕ್ಟೋಬರ್ ಮೂರನೆಯ ವಾರದಲ್ಲಿ ಹೊಗೆ ಕವಿದು, ಸೂರ್ಯನು ಕುಂಕುಮದ ಬೊಟ್ಟಿನಂತಾಗಿ, ಜಗತ್ತಿನ ದೊಡ್ಡ ನಗರಗಳಲ್ಲೆಲ್ಲ ಅತ್ಯಂತ ಕೆಟ್ಟ ಗಾಳಿ ಸಿಯಾಟಲಿನದೆಂದು ಪತ್ರಿಕೆಗಳು ಬರೆದವು. ಬೆಟ್ಟಗಳು ಮಾಯವಾದವು. ಮಕ್ಕಳನ್ನು ಹೊರಗೆ ಬಿಡಲಿಲ್ಲ. ಮೊಮ್ಮಗಳು ಕಿಟಕಿಯ ಗಾಜಿಗೆ ಮೂಗನ್ನೊತ್ತಿ, “ಅಜ್ಜ, ಮರಗಳಿಗೆ ಉಸಿರು ಕಟ್ಟುವುದಿಲ್ಲವೆ?” ಎಂದಳು. ಅಕ್ಟೋಬರ್ 21ರಂದು ಮಳೆ ಬಂದಿತು. ಆ ರಾತ್ರಿ ತಾಯಿಯವರು ಕೇಳುವುದಕ್ಕೆ ಮೊದಲೇ ನಾವು ಹೇಳಿದೆವು.

ಮಳೆಗಾಗಿ ಕಾದವರು ನಾವಷ್ಟೇ ಅಲ್ಲ. ಊರಿನ ನಡುವೆ ಹರಿಯುವ ಹೊಳೆಗೆ ಪ್ರತಿ ಶರತ್ಕಾಲದಲ್ಲಿಯೂ ಸಾಮನ್ ಎಂಬ ಮೀನುಗಳು ಕಡಲಿನಿಂದ ಹಿಂದಿರುಗುವುವು. ಹೊಳೆಯ ದಂಡೆಯಲ್ಲಿ ಇವುಗಳ ಮರಿಗಳನ್ನು ಸಾಕುವ ಒಂದು ಕೇಂದ್ರವಿದೆ. ಮರ ಕಡಿದುದರಿಂದಲೂ ಗಣಿಯ ಕೊಳೆಯಿಂದಲೂ ಹೊಳೆಯಲ್ಲಿ ಮೀನು ಅಳಿಯುತ್ತ ಬಂದಾಗ, 1936ರಲ್ಲಿ, ನಿರುದ್ಯೋಗಿಗಳಿಗೆ ಕೆಲಸ ಕೊಡುವ ಸರ್ಕಾರದ ಯೋಜನೆಯಲ್ಲಿ ಅದನ್ನು ಕಟ್ಟಿದರು. ಮಗನು ಅಲ್ಲಿಗೆ ಕರೆದಾಗ, ಮೀನಿನ ಕೇಂದ್ರದಲ್ಲಿ ನಮಗೇನು ಕೆಲಸವೆಂದು ನಮ್ಮ ಮನೆಯವರು ಮುಖ ತಿರುಗಿಸಿದರು. ಕೊನೆಗೆ ನಮಗಿಂತ ಹೆಚ್ಚು ಸಲ ಅಲ್ಲಿಗೆ ಹೋದವರು ಅವರೇ.

ಸಂಗತಿ ಹೀಗಿದೆ. ಮೀನು ಹೊಳೆಯ ತಳದ ಕಲ್ಲುಹರಳಿನಲ್ಲಿ ಹುಟ್ಟಿ, ಮರಿಯಾಗಿ ಸರೋವರಗಳನ್ನು ಹಾದು ಶಾಂತಸಾಗರಕ್ಕೆ ಹೋಗುತ್ತದೆ. ಅಲ್ಲಿ ಕೆಲವು ವರ್ಷ ಮೇದು ಬಲಿತು, ಹಿಂದಿರುಗುವ ಕಾಲ ಬಂದಾಗ ತಾನು ಹುಟ್ಟಿದ ಹೊಳೆಯ ನೀರಿನ ವಾಸನೆಯನ್ನು ಹಿಡಿದು ಬರುತ್ತದೆ. ಸಿಯಾಟಲಿನ ಹತ್ತಿರ ಕಡಲಿಗೂ ಸರೋವರಕ್ಕೂ ನಡುವೆ ಹಡಗುಗಳಿಗಾಗಿ 1917ರಲ್ಲಿ ತೆರೆದ ಜಲದ್ವಾರಗಳಿವೆ. ಪಕ್ಕದಲ್ಲಿ ಮೀನುಗಳು ಹತ್ತುವುದಕ್ಕೆಂದು ಮೆಟ್ಟಿಲು ಮೆಟ್ಟಿಲಾಗಿ ನೀರು ಇಳಿಯುವ ಕಾಲುವೆಯನ್ನು ಮಾಡಿದ್ದಾರೆ. ಅದನ್ನು ಹತ್ತಿ, ಎರಡು ದೊಡ್ಡ ಸರೋವರಗಳನ್ನೂ ನಡುವಣ ಹೊಳೆಯನ್ನೂ ದಾಟಿ ಇಸ್ಸಕ್ವಾಕ್ಕೆ ಬರಬೇಕು. ಸಿಹಿನೀರಿಗೆ ಬಂದ ಮೇಲೆ ಆಹಾರವಿಲ್ಲ. ಬೆಳ್ಳಿಯಂತಿದ್ದ ಮೈ ಕಂದಿ, ಬಾಲ ಹರಿದು, ಒಡ್ಡಿನ ಎದುರು ನೂರಾರು ಮೀನುಗಳು ಪ್ರವಾಹಕ್ಕೆ ಮುಖಕೊಟ್ಟು ನಿಂತಿರುವುದನ್ನು ಸೇತುವೆಯ ಮೇಲಿನಿಂದ ನೋಡಬಹುದು. ನಡುನಡುವೆ ಒಂದು ಮೇಲಕ್ಕೆ ನೆಗೆದು, ಕಲ್ಲುಗಟ್ಟಿಗೆ ಬಡಿದು ಬೀಳುವುದು, ಮತ್ತೆ ನೆಗೆಯುವುದು. ಮೊಟ್ಟೆಯಿಟ್ಟ ಮೇಲೆ ಎಲ್ಲವೂ ಸಾಯುವುವು. ಹೆಣಗಳನ್ನು ಕರಡಿ, ಹಕ್ಕಿಗಳು ಕಾಡಿಗೆಳೆದು ತಿನ್ನುವುದರಿಂದ, ಕಡಲಿನ ಸತ್ತ್ವವು ಆ ಫರ್ ಮರಗಳ ಬೇರಿಗೂ ಸೇರುವುದೆಂದು ಶಾಸ್ತ್ರಜ್ಞರು ತೋರಿಸಿದ್ದಾರೆ.

ನಮ್ಮ ಮನೆಯವರು ಕೊಡೆಯನ್ನು ಹಿಡಿದು ಬಹಳ ಹೊತ್ತು ನೋಡುತ್ತ ನಿಂತಿದ್ದು, “ಇವಕ್ಕೆ ತಮ್ಮ ಮಕ್ಕಳ ಮುಖವನ್ನು ನೋಡುವ ಪುಣ್ಯವೂ ಇಲ್ಲ, ನಮಗೆ ಮೊಮ್ಮಗಳನ್ನೇ ನೋಡುವ ಪುಣ್ಯವಿದೆ. ಅದನ್ನು ಬಿಟ್ಟು ಹೋಗಬೇಕೆ?” ಎಂದರು.

ಮಗನ ಯೋಚನೆ ಇದೇ. ಅವನು ಅಲ್ಲಿಯ ಪ್ರಜೆಯಾಗಿದ್ದುದರಿಂದ ತಂದೆತಾಯಿಗಳಿಗಾಗಿ ಅರ್ಜಿ ಹಾಕಿ ಖಾಯಂ ವಾಸದ ಹಕ್ಕನ್ನು ಪಡೆಯಬಹುದು. ಅದಕ್ಕೆ ಗ್ರೀನ್ ಕಾರ್ಡ್ ಎಂದು ಹೆಸರು. ಅಲ್ಲಿ ಅದೂ ಹಸುರೇ. “ಅಪ್ಪಯ್ಯ, ನಿಮಗೆ ನಿವೃತ್ತಿಯಾಯಿತು. ಅಮ್ಮನಿಗೆ ಮಂಡಿನೋವು. ನಾಳೆ ಏನಾದರೂ ಆದರೆ ನಾನು ಎರಡು ವಿಮಾನ ಹತ್ತಿ ಬರುವಷ್ಟರಲ್ಲಿ…” ಎಂದು ಅವನು ಮಾತನ್ನು ಅಲ್ಲಿಗೇ ನಿಲ್ಲಿಸುತ್ತಿದ್ದನು. ಸೊಸೆಯೂ ಮನಃಪೂರ್ವಕವಾಗಿಯೇ ಹೇಳಿದಳು. ಮಗು ಅಜ್ಜಿಯ ಬಾಯಿಂದ ಕಥೆ ಕೇಳಿ ಕೇಳಿ, ಮೂರೇ ತಿಂಗಳಲ್ಲಿ ಕನ್ನಡದಲ್ಲಿಯೇ ಜಗಳವಾಡುವಷ್ಟು ಮುಂದುವರಿದಿತ್ತು. ಇವೆಲ್ಲವೂ ತಳ್ಳಿಹಾಕತಕ್ಕ ಮಾತುಗಳಲ್ಲ.

ನವೆಂಬರಿನಲ್ಲಿ ಮಗನು ನಮ್ಮನ್ನು ಅರ್ಧಗಂಟೆಯ ದಾರಿಯಲ್ಲಿರುವ ಸ್ನೋಕ್ವಾಲ್ಮಿ ಜಲಪಾತಕ್ಕೆ ಕರೆದೊಯ್ದನು. ಎತ್ತರ 268 ಅಡಿ. ಜೋಗವು 830 ಅಡಿಯೆಂದು ಮೊಮ್ಮಗಳಿಗೆ ಹೇಳುವುದನ್ನು ನಾವು ಮರೆಯಲಿಲ್ಲ. ಆ ಜಲಪಾತದ ಬಂಡೆಯನ್ನು ಕೊರೆದು ನೆಲದೊಳಗೆ ಯಂತ್ರಗಳನ್ನಿಟ್ಟು 1899ರಲ್ಲಿಯೇ ವಿದ್ಯುತ್ತನ್ನು ತೆಗೆದರು. ನಮ್ಮ ಶಿವನಸಮುದ್ರಕ್ಕೆ ಮೂರು ವರ್ಷ ಮೊದಲು. ಅದು ಸ್ನೋಕ್ವಾಲ್ಮಿ ಜನಾಂಗದವರ ಪುಣ್ಯಸ್ಥಳ. 1855ರ ಒಪ್ಪಂದದಿಂದ ಅವರ ನೆಲ ಕೈಬಿಟ್ಟಿತು. ಅವರದು ಒಂದು ಜನಾಂಗವೆಂದು ಸರ್ಕಾರವು ಮತ್ತೆ ಒಪ್ಪಿದ್ದು 1999ರಲ್ಲಿ. ಜಲಪಾತದ ಬಳಿಯ ಭೂಮಿಯನ್ನು 2019ರಲ್ಲಿ ಅವರು ಹಣ ಕೊಟ್ಟು ಕೊಂಡರು. ತಮ್ಮ ದೇವರ ಜಾಗವನ್ನು ಕ್ರಯಕ್ಕೆ ತೆಗೆದುಕೊಂಡರೆಂಬುದನ್ನು ಕೇಳಿ ನಮಗೆ ತಾಯಿಯವರ ನೆನಪು ಬಂದಿತು. ಅವರ ತವರು ಶರಾವತಿಯ ದಂಡೆಯ ಹಳ್ಳಿ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಅದು ಹಿನ್ನೀರಿನಲ್ಲಿ ಮುಳುಗಿತು. ಕ್ರಯಕ್ಕೆ ಕೊಳ್ಳುವುದಕ್ಕೂ ಅಲ್ಲಿ ಏನೂ ಉಳಿದಿಲ್ಲ. ಒಂದು ಸಲ ನೆಲ ಬಿಟ್ಟವರು ಅವರು. ಇನ್ನೊಂದು ಸಲ ಬಿಡಿರೆಂದು ಯಾರೂ ಅವರಿಗೆ ಹೇಳಲಾರರು. ಅವರನ್ನು ಬಿಟ್ಟು ನಾವು ಇರಲಾರೆವು.

ಚಿತ್ರಕೂಟದಲ್ಲಿ ರಾಮನು ಸೀತೆಗೆ ಗಿರಿಯನ್ನೂ ಮಂದಾಕಿನಿಯನ್ನೂ ತೋರಿಸಿ, ಇಲ್ಲಿ ತನಗೆ ಅಯೋಧ್ಯೆಯ ಹಂಬಲವಿಲ್ಲವೆನ್ನುವನು. ಆ ಮಾತು ಸುಳ್ಳಲ್ಲ. ಆದರೂ ಭರತನು ಬಂದು ಕಾಲಿಗೆ ಬಿದ್ದಾಗ ಅವನು ಮೊದಲು ಕೇಳಿದುದು, ತಂದೆ ಎಲ್ಲಿ ಎಂದು. ಇದನ್ನೇ ಒಂದು ರಾತ್ರಿ ಮಗನಿಗೆ ಹೇಳಿ, “ನೀನು ನಿನ್ನ ತಂದೆತಾಯಿಯನ್ನು ಕರೆಯುತ್ತಿರುವುದು ಸರಿ. ನಾವೂ ಒಬ್ಬ ತಾಯಿಯ ಮಗನಷ್ಟೆ” ಎಂದೆವು. ಅವನು ಬಹಳ ಹೊತ್ತು ಸುಮ್ಮನಿದ್ದು, “ಅರ್ಜಿಯ ಮಾತು ಈಗ ಬೇಡ, ಅಪ್ಪಯ್ಯ” ಎಂದನು. ಮನೆಯವರು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ಮೂರನೆಯ ದಿನ ಅತ್ತೆಗೆಂದು ಒಂದು ಉಣ್ಣೆಯ ಶಾಲನ್ನು ಕೊಳ್ಳಲು ಸೊಸೆಯೊಡನೆ ಪೇಟೆಗೆ ಹೊರಟರು. ಜನವರಿಯಲ್ಲಿ ಹಿಂದಿರುಗಿದೆವು.

ಮಗನ ಸಂಸಾರ 2024ರ ಜುಲೈ ತಿಂಗಳಲ್ಲಿ, ಅವರ ಬೇಸಗೆಯ ರಜೆಯಲ್ಲಿ, ಸಾಗರಕ್ಕೆ ಬಂದಿತು. ಹೊಡೆಯುವ ಮಳೆ. ತೋಟಕ್ಕಿಳಿದ ಮೊಮ್ಮಗಳ ಕಾಲಿಗೆ ಉಂಬಳ ಹತ್ತಿ, ಅವಳು ಕೂಗಿದ ಕೂಗಿಗೆ ನೆರೆಮನೆಯವರೂ ಓಡಿಬಂದರು. ಜಗಲಿಯ ಮೇಲೆ ಆ ಉಣ್ಣೆಯ ಶಾಲನ್ನು ಹೊದ್ದು ಕುಳಿತಿದ್ದ ನಮ್ಮ ತಾಯಿಯವರು ಸುಣ್ಣದ ಡಬ್ಬಿಯನ್ನು ತೆರೆದು, ಮರಿಮಗಳ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಉಂಬಳವನ್ನು ಬಿಡಿಸಿದರು. ಬಿಡಿಸುತ್ತ, ಅಲ್ಲಿ ಮಳೆ ಹೇಗೆ ಎಂದು ಕೇಳಿದರು. ಮಗು ಅಳುವನ್ನು ನಿಲ್ಲಿಸಿ ಕನ್ನಡದಲ್ಲಿಯೇ ಹೇಳತೊಡಗಿತು.